ಎಲ್ಲರೂ ನಡೆಯಬಹುದಾದ ಕಾಡು

ಮಳೆಗಾಲ ಮುಗಿಯುತ್ತಾ ಬಂದಂತೆ ನಮ್ಮ ಗೆಳೆಯರ ಬಳಗದಲ್ಲಿ ಪ್ರತಿ ವರ್ಷವೂ ಒಂದು ಜಗಳ ಶುರುವಾಗುತ್ತದೆ. ಈ ಸಲ ಎಲ್ಲಿಗೆ ಹೋಗುವುದು? ಬೆನ್ನಿಗೆ ಚೀಲ ಏರಿಸಿ, ಎರಡು ದಿನಕ್ಕಾಗುವಷ್ಟು ರೊಟ್ಟಿ, ಚಟ್ನಿಪುಡಿ, ಹೊದಿಕೆ ಹೊತ್ತುಕೊಂಡು ಕಾಡುಗುಡ್ಡಗಳಲ್ಲಿ ನಡೆದು ಬರುವುದು ನಮ್ಮ ಹತ್ತು ವರ್ಷಗಳ ಅಭ್ಯಾಸ. ನಮ್ಮಲ್ಲಿ ಹೈಸ್ಕೂಲು ಮೇಷ್ಟ್ರಿದ್ದಾರೆ, ಟೈರ್ ಅಂಗಡಿಯವರಿದ್ದಾರೆ, ಅಡಿಕೆ ವ್ಯಾಪಾರಿಯಿದ್ದಾರೆ, ಬ್ಯಾಂಕಿನ ಗುಮಾಸ್ತರಿದ್ದಾರೆ. ನಮಾಝ್ ಮಾಡುವವರೂ ಇದ್ದಾರೆ, ವಿಭೂತಿ ಧರಿಸುವವರೂ ಇದ್ದಾರೆ. ಚಿತ್ರದುರ್ಗದ ಟೈರ್ ಅಂಗಡಿಯ ಮುಂದೆ ಮಗ್ರಿಬ್ ನಂತರ ಕುರ್ಚಿ ಹಾಕಿ, ಚಹಾ ತರಿಸಿ, ನಕ್ಷೆ ಹರಡಿ ಕುಳಿತರೆ ರಾತ್ರಿ ಹತ್ತಾಗುವುದು ಗೊತ್ತಾಗುತ್ತಿರಲಿಲ್ಲ.

ಈ ಸಲ ಮಾತ್ರ ಕುರ್ಚಿಯೊಂದು ಖಾಲಿಯಿತ್ತು. ಅದು ಹೊಲಿಗೆ ಅಂಗಡಿಯ ಭಾಯಿಯದು. ವಯಸ್ಸು ಐವತ್ತೆರಡು. ಹಗಲಿಡೀ ಮಿಷನ್ ಮುಂದೆ ಕೂರುವ ಕೆಲಸ, ಜೊತೆಗೆ ಸಕ್ಕರೆ ಕಾಯಿಲೆ. ನಮ್ಮಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಅವರೇ. ನಾವು ಬೆನ್ನಿಗೇರಿಸುವ ಚೀಲಗಳನ್ನೆಲ್ಲ ಟಾರ್ಪಾಲಿನ್ ಬಟ್ಟೆಯಿಂದ ಹೊಲಿದುಕೊಟ್ಟವರೂ ಅವರೇ.

ಹಿಂದಿನ ವರ್ಷ ನಡೆದದ್ದನ್ನು ಮೊದಲು ಹೇಳಿಬಿಡಬೇಕು. ಆ ಸಲ ಮೊಬೈಲಿನಲ್ಲಿ ಬಂದ ಫೋಟೋಗಳನ್ನು ನೋಡಿ ಮರುಳಾಗಿ ನಾವು ಘಟ್ಟದ ಹೆಸರಾಂತ ಬೆಟ್ಟವೊಂದನ್ನು ಆರಿಸಿದ್ದೆವು. ಮೋಡದ ಮೇಲೆ ನಿಂತು ತೆಗೆಸಿಕೊಂಡ ಫೋಟೋಗಳು, ಎಲ್ಲೆಲ್ಲೂ ಹಸಿರು. ಎಷ್ಟು ಎತ್ತರ, ಎಷ್ಟು ಕಿಲೋಮೀಟರ್, ವ್ಯಾನಿಗೆ ಎಷ್ಟು ಬಾಡಿಗೆ ಎಂದೆಲ್ಲ ವಿಚಾರಿಸಿದೆವು. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಮಾತ್ರ ವಿಚಾರಿಸಲಿಲ್ಲ. ಕಾಲು ಚುರುಕಾದವರು ಮುಂದೆ ಹೋದೆವು. ಭಾಯಿ ಹಿಂದುಳಿದರು. ತಿಂಡಿಯ ಚೀಲ ಮುಂದಿನವರ ಬೆನ್ನ ಮೇಲಿತ್ತು. ತುದಿ ಮುಟ್ಟಿ, ಹಿಗ್ಗಿ, ಫೋಟೋ ತೆಗೆದುಕೊಂಡು, ಬಿಸ್ಕತ್ತು ಹಂಚುವಾಗ ಲೆಕ್ಕ ಹಾಕಿದರೆ ಒಬ್ಬರು ಕಡಿಮೆ! ಅಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಓಡುತ್ತಾ ಇಳಿದೆವು. ದಾರಿಯ ಪಕ್ಕದ ಮರದ ಬುಡದಲ್ಲಿ ಅವರು ಬೆವೆತು ತೊಪ್ಪೆಯಾಗಿ ಕುಳಿತಿದ್ದರು. ರಕ್ತದಲ್ಲಿ ಸಕ್ಕರೆ ಇಳಿದು ಮಾತು ತೊದಲುತ್ತಿತ್ತು. ತೋಟದ ಕೆಲಸಕ್ಕೆ ಹೊರಟಿದ್ದ ಇಬ್ಬರು ಹೆಂಗಸರು ತಮ್ಮ ಬುತ್ತಿಯ ಬೆಲ್ಲದ ಕಾಫಿ ಕುಡಿಸಿ, ಜೊತೆಗೇ ಕೂತಿದ್ದರು. ಅಲ್ಲಾಹನ ದಯೆ, ಜೀವ ಉಳಿಯಿತು. ವ್ಯಾನಿನಲ್ಲಿ ವಾಪಸು ಬರುವಾಗ ಯಾರೂ ಮಾತಾಡಲಿಲ್ಲ. ಊರು ಹತ್ತಿರವಾದಾಗ ಭಾಯಿ ಒಂದೇ ಮಾತು ಕೇಳಿದರು: “ಮೇಲೆ ಹೋಗಿ ಫೋಟೋ ತೆಗೆದ್ರಲ್ಲ, ಅದರಲ್ಲಿ ನಾನಿಲ್ಲ ಅನ್ನೋದು ಒಬ್ಬರಿಗೂ ಕಾಣಲಿಲ್ವಾ?”

ಆಮೇಲೆ ಅವರು ಟೈರ್ ಅಂಗಡಿಯ ಕಡೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಸಲಾಮಿಗೆ ಸಲಾಮು, ಅಷ್ಟೇ.

ಕ್ಷಮೆ ಕೇಳಲು ನಾವು ಅವರ ಮನೆಗೆ ಹೋದೆವು. ಭಾಯಿ ಅಂಗಡಿಯಲ್ಲಿದ್ದರು. ಭಾಭಿ ಚಹಾ ಕೊಟ್ಟರು. ಬೈಗುಳಕ್ಕೆ ಸಿದ್ಧರಾಗಿ ಹೋಗಿದ್ದೆವು. ಅವರು ಬೈಯಲಿಲ್ಲ. “ಜಾಗ ಆರಿಸುವಾಗ ನೀವು ಬೆಟ್ಟದ ಎತ್ತರ ಕೇಳ್ತೀರಿ, ಬರೋರ ಕಾಲನ್ನ ಕೇಳೋದಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಾವು ಮದುವೆಯಾಗಿ ಬಂದಾಗಿನಿಂದ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಾ ಜೋಗಿಮಟ್ಟಿ ನೋಡ್ತಾ ಇದೀವಿ. ಹತ್ತು ವರ್ಷದಿಂದ ಎಲ್ಲೆಲ್ಲೋ ಹೋಗಿ ಬಂದ್ರಿ. ಒಂದು ದಿನ ಆ ಗುಡ್ಡಕ್ಕೆ ಬರ್ತೀರಾ ಅಂತ ಯಾರಾದ್ರೂ ನಮ್ಮನ್ನ ಕೇಳಿದ್ರಾ?” ಎಂದರು.

ನಮ್ಮ ಬಳಿ ಉತ್ತರವಿರಲಿಲ್ಲ. ಹಿಂದುಳಿದವರು ಭಾಯಿ ಒಬ್ಬರೇ ಎಂದುಕೊಂಡಿದ್ದೆವು. ಮನೆಯಿಂದ ಹೊರಡುವಾಗಲೇ ಅರ್ಧ ಜನರನ್ನು ಹಿಂದೆ ಬಿಟ್ಟು ಹೊರಟವರು ನಾವು ಎಂದು ಅಂದು ತಿಳಿಯಿತು.

ಹೀಗಾಗಿ ಈ ಸಲದ ಮಾತುಕತೆಯ ದಿಕ್ಕೇ ಬದಲಾಯಿತು. ಮೂರು ತೀರ್ಮಾನ ಮಾಡಿದೆವು. ಒಂದು, ಮನೆಯವರೂ ಬರುವಂತಿರಬೇಕು. ಎರಡು, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲೂಕು ಬಿಟ್ಟು ಹೊರಗೆ ಹೋಗಬಾರದು. ಮೂರು, ಹೊಲಿಗೆ ಭಾಯಿ ಒಪ್ಪುವ ಜಾಗವಾಗಬೇಕು. ಹೆಂಗಸರು, ಮಕ್ಕಳು ಸೇರಿ ಲೆಕ್ಕ ಹಾಕಿದರೆ ಹದಿನಾಲ್ಕು ಜನ.

“ನಮ್ಮ ಕಡೆ ಕಾಡೆಲ್ಲಿದೆ ಮಾರಾಯ್ರೇ? ಇರೋದೆಲ್ಲ ಕಲ್ಲು, ಜಾಲಿ” ಎಂದು ಬ್ಯಾಂಕಿನ ಗುಮಾಸ್ತರು ನಕ್ಕರು. ಬಯಲುಸೀಮೆಯ ನಮ್ಮೆಲ್ಲರ ಮನಸ್ಸಿನಲ್ಲೂ ಇರುವ ಮಾತೇ ಅದು. ಕಾಡೆಂದರೆ ಹಸಿರಿರಬೇಕು, ಜಿಗಣೆ ಇರಬೇಕು, ಜಲಪಾತ ಧುಮುಕಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯೆಲ್ಲಿ, ಆರುನೂರರ ಆಸುಪಾಸಿನಲ್ಲೇ ನಿಲ್ಲುವ ನಮ್ಮ ಮಳೆಯೆಲ್ಲಿ! ಆದರೆ ಈ ಕಡಿಮೆ ಮಳೆಗೂ ಅದರದೇ ಕಾಡಿದೆ. ಕಮರ, ದಿಂಡಗ, ಮುತ್ತುಗ, ಸೀತಾಫಲ, ಹಳದಿ ಹೂವಿನ ತಂಗಡಿ. ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ನಿಂತು, ಎರಡು ಮಳೆ ಬಿದ್ದರೆ ಚಿಗುರುವ ಕಾಡು. ಅದರೊಳಗೆ ಕರಡಿ, ಚಿರತೆ, ಕೊಂಡುಕುರಿ, ನವಿಲು ಇವೆ. ಅದು ಸದಾ ಕಣ್ಣ ಮುಂದಿತ್ತು. ನಾವೇ ಅದನ್ನು ಕಾಡಿನ ಲೆಕ್ಕಕ್ಕೆ ಸೇರಿಸಿರಲಿಲ್ಲ.

ನಾಲ್ಕು ಭಾನುವಾರ ನಾಲ್ಕು ಕಡೆ ನೋಡಿ ಬಂದೆವು.

ಮೊದಲು ಜೋಗಿಮಟ್ಟಿ. ಊರಿನಿಂದ ಹತ್ತು ಕಿಲೋಮೀಟರ್ ದೂರ, ಸುಮಾರು 3,800 ಅಡಿ ಎತ್ತರ. ಆಡುಮಲ್ಲೇಶ್ವರದ ಕಿರು ಮೃಗಾಲಯ ದಾಟಿ ಮೇಲೇರಿದರೆ ಬೀಸುವ ಗಾಳಿಗೆ ತಲೆಯ ಟೋಪಿ ನಿಲ್ಲುವುದಿಲ್ಲ. ತುದಿಯಲ್ಲಿ ನಿಂತರೆ ಒಂದು ಕಡೆ ದುರ್ಗದ ಕೋಟೆ, ಇನ್ನೊಂದು ಕಡೆ ಗುಡ್ಡದ ಸಾಲಿನುದ್ದಕ್ಕೂ ತಿರುಗುವ ಗಾಳಿಯಂತ್ರಗಳು. ನೋಡಲು ಎರಡು ಕಣ್ಣು ಸಾಲದು. ಆದರೆ 2015ರಲ್ಲಿ ಇಲ್ಲಿಯ ಸುಮಾರು ಹತ್ತು ಸಾವಿರ ಹೆಕ್ಟೇರ್ ಕಾಡು ವನ್ಯಧಾಮವಾಗಿದೆ. ಅರಣ್ಯ ಇಲಾಖೆಯ ಅನುಮತಿ ಬೇಕು. ಎಲ್ಲೆಂದರಲ್ಲಿ ಮಲಗುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಇದು ಸರಿಯಾದ ಕಟ್ಟಳೆಯೇ. ಒಣಹುಲ್ಲಿನ ಗುಡ್ಡದಲ್ಲಿ ಒಂದು ಕಿಡಿ ಹಾರಿದರೆ ಏನಾಗುತ್ತದೆಂದು ಬೇಸಿಗೆಯ ರಾತ್ರಿಗಳಲ್ಲಿ ಗುಡ್ಡದ ಮೇಲೆ ಬೆಂಕಿಯ ಗೆರೆ ನೋಡಿದ ದುರ್ಗದವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಅಡಚಣೆ ನೀರು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದರೆ ಹದಿನಾಲ್ಕು ಜನರಿಗೆ ಎರಡು ದಿನಕ್ಕೆ 112 ಲೀಟರ್, ಅಂದರೆ 112 ಕಿಲೋ ಭಾರ! ಯಾರು ಹೊರುತ್ತಾರೆ? ಅಂದು ತಂದಿದ್ದ ನೀರು ಝುಹರ್ ಹೊತ್ತಿಗೇ ತಳ ಕಂಡಿತ್ತು. ಉಳಿದದ್ದನ್ನು ಕುಡಿಯಲು ಇಟ್ಟುಕೊಂಡು ತಯಮ್ಮುಮ್ ಮಾಡಿ ನಮಾಝ್ ಮುಗಿಸಿದೆವು. ನಮ್ಮಲ್ಲಿ ಹಿರಿಯರಾದ ಟೈರ್ ಅಂಗಡಿಯ ಚಾಚಾ ಕೈಯ ಮಣ್ಣು ಕೊಡವುತ್ತಾ, “ನೀರಿಲ್ಲದ ಕಡೆ ಮಣ್ಣೇ ಸಾಕು ಅನ್ನೋ ರಿಯಾಯಿತಿ ವುಝೂಗೆ ಇದೆ. ಬಾಯಾರಿಕೆಗೆ ಇಲ್ಲ” ಎಂದರು.

ಆ ಮಾತು ಎಲ್ಲರ ಮನಸ್ಸಿನಲ್ಲಿ ಕೂತಿತು. ಇಳಿದು ಬರುವಾಗ ಚಂದ್ರವಳ್ಳಿಯ ಕೆರೆಯ ದಡದಲ್ಲಿ ಮೇಷ್ಟ್ರು ಅದನ್ನೇ ಮುಂದುವರಿಸಿದರು. ಕದಂಬರ ಮಯೂರಶರ್ಮನ ಹೆಸರಿನ ನಾಲ್ಕನೆಯ ಶತಮಾನದ ಬಂಡೆ ಶಾಸನ ಇಲ್ಲಿದೆ. ಅದು ಹೇಳುವುದು ಕೆರೆಯ ವಿಚಾರವನ್ನು. ಕೋಟೆಯ ಮೇಲೂ ಅಷ್ಟೇ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆನೀರು ಒಂದು ತುಂಬಿ ಮತ್ತೊಂದಕ್ಕೆ ಹರಿಯುವ ಏರ್ಪಾಡು. 1779ರಲ್ಲಿ ಹೈದರಲಿಯ ವಶವಾಗುವ ತನಕ ಈ ಕೋಟೆ ಮುತ್ತಿಗೆಗಳನ್ನು ತಡೆದು ನಿಂತದ್ದು ಬರೀ ಕಲ್ಲಿನ ಬಲದಿಂದಲ್ಲ, ನೀರಿನ ಬಲದಿಂದಲೂ ಹೌದು. ಜಾಗ ಆರಿಸುವ ವಿದ್ಯೆ ಹಿಂದಿನವರಿಗೆ ಗೊತ್ತಿತ್ತು. ಅವರು ಮೊದಲು ನೀರು ನೋಡಿದರು. ನಾವು ಮೊದಲು ಫೋಟೋ ನೋಡಿದೆವು.

ಎರಡನೆಯ ಭಾನುವಾರ ಹೊಳಲ್ಕೆರೆ ಕಡೆ ಹೊರಟೆವು. ಅಡಿಕೆ ತೋಟಗಳ ನಡುವಿನ ತಂಪು ದಾರಿ, ರಾಮಗಿರಿಯ ಗುಡ್ಡ. ಮೇಲೆ ಕರಿಸಿದ್ದೇಶ್ವರನ ಗುಡಿ, ಹತ್ತಲು ಮೆಟ್ಟಿಲು. ನೀರೂ ಇದೆ, ಜನರೂ ಇದ್ದಾರೆ. ಅಡಿಕೆ ವ್ಯಾಪಾರಿಗೆ ಬಹಳ ಹಿಡಿಸಿತು. ಆದರೆ ಅದು ಭಕ್ತರು ಹರಕೆ ಹೊತ್ತು ಬರುವ ಜಾಗ. ಅಲ್ಲಿ ನಾವು ಒಲೆ ಹೂಡಿ, ಹಾಸಿಗೆ ಬಿಚ್ಚಿ ಸಂಸಾರ ಹೂಡುವುದು ಮರ್ಯಾದೆಯಲ್ಲ. ಅದು ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯುವ ಜಾಗ ಎಂದು ಬರೆದುಕೊಂಡೆವು.

ಮೂರನೆಯದು ಹೊಸದುರ್ಗದ ಗುಡ್ಡಸಾಲು. ಇಲ್ಲೂ ಗಾಳಿಯಂತ್ರಗಳಿವೆ. ಅವುಗಳನ್ನು ಸಾಗಿಸಲು ಗುಡ್ಡ ಕಡಿದು ಮಾಡಿದ ರಸ್ತೆಗಳೂ ಇವೆ. ನಡೆಯಲು ಸಲೀಸು, ದಾರಿ ತಪ್ಪುವ ಭಯವಿಲ್ಲ. ಆದರೆ ಮೈಲುಗಟ್ಟಲೆ ನಡೆದರೂ ತಲೆಗೆ ನೆರಳಿಲ್ಲ. ಒಂದು ಯಂತ್ರದ ಬುಡದ ನೆರಳಿನಲ್ಲಿ ಸಾಲಾಗಿ ಕುಳಿತು ಬುತ್ತಿ ಬಿಚ್ಚಿದೆವು. ನೆರಳು ಸರಿದಂತೆ ನಾವೂ ಸರಿಯಬೇಕಾಯಿತು.

ಅಲ್ಲಿಯೇ ಕುರಿಗಾಹಿ ಅಜ್ಜ ಸಿಕ್ಕರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಸೊಂಟದಲ್ಲಿ ಸಣ್ಣದೊಂದು ನೀರಿನ ಬಾಟ್ಲಿ. ಬೆನ್ನ ಮೇಲಿನ ನಮ್ಮ ಚೀಲಗಳನ್ನು ನೋಡಿ, “ಏನ್ ಸಾಬ್ರೇ, ವ್ಯಾಪಾರಕ್ಕೆ ಹೊಂಟ್ರಾ?” ಎಂದರು. ಸುಮ್ಮನೆ ನಡೆಯಲು ಜಾಗ ಹುಡುಕುತ್ತಿದ್ದೇವೆ ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ ಹೇಳಿದರು: “ಕುರಿ ಹೊಡ್ಕೊಂಡು ಹೊಸ ಜಾಗಕ್ಕೆ ಹೋಗೋವಾಗ ನಾವು ಮೂರು ಕೇಳ್ತೀವಪ್ಪ. ನೀರೆಲ್ಲೈತೆ? ನೆರಳೆಲ್ಲೈತೆ? ಕತ್ತಲಾದ್ರೆ ಯಾರ ಹಟ್ಟಿ ಐತೆ?” ಮಂದೆಯ ಮುಂದೆ ಯಾವ ಕುರಿ ಇರುತ್ತದೆ ಎಂದು ನಾವು ಕೇಳಿದೆವು. “ಮುಂದೆ ಯಾವ್ದಾರ ಇರ್ಲಿ. ನಾನು ನಡೆಯೋದು ಕುಂಟೋ ಕುರಿ ಲೆಕ್ಕದಾಗೆ” ಎಂದರು.

ಹತ್ತು ವರ್ಷ ನಾವು ಓದಿದ, ನೋಡಿದ ಯಾವ ಸಲಹೆಯಲ್ಲೂ ಈ ಮಾತು ಇರಲಿಲ್ಲ.

ನಾಲ್ಕನೆಯ ಭಾನುವಾರ ಹಿರಿಯೂರು ತಾಲೂಕಿನ ಮಾರಿಕಣಿವೆಗೆ ಹೊರಟೆವು. ದಾರಿಯಲ್ಲಿ ಐಮಂಗಲದ ಕಡೆ ತಿರುಗಿ ಮರಡಿಹಳ್ಳಿಯ ಕಲ್ಲುಗಳನ್ನು ನೋಡಿದೆವು. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತಿರುವ ಬಂಡೆಗಳು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾರಸ ಹೀಗೆ ಗಟ್ಟಿಯಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. 1976ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಇಂದು ಕೊಡ ನೀರಿಗೆ ಪರದಾಡುವ ನೆಲ ಒಂದು ಕಾಲದಲ್ಲಿ ನೀರಿನಡಿಯಲ್ಲಿತ್ತು! ನಮ್ಮ ಮಕ್ಕಳು ಊಟಿಯನ್ನು ನೋಡಿದ್ದಾರೆ, ಇದನ್ನು ನೋಡಿರಲಿಲ್ಲ.

ಮಾರಿಕಣಿವೆಯ ಕತೆ ಜಿಲ್ಲೆಯವರಿಗೆಲ್ಲ ಗೊತ್ತಿರುವುದೇ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಕಟ್ಟಿದ ಅಣೆಕಟ್ಟು 1907ರಲ್ಲಿ ಪೂರ್ತಿಯಾಯಿತು. ಮೈಸೂರಿನ ರಾಜಮಾತೆಯ ಗೌರವಾರ್ಥ ವಾಣಿವಿಲಾಸ ಸಾಗರ ಎಂಬ ಹೆಸರು. ಮೂವತ್ತು ಟಿಎಂಸಿ ನೀರು ಹಿಡಿಯುವ ಈ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಹರಿದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ! ಅಂದು ಜಿಲ್ಲೆಯ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿದರು. ನಾವೂ ಹೋಗಿದ್ದೆವು. ಅದೇ ಹೊತ್ತಿನಲ್ಲಿ ಹೊಸದುರ್ಗದ ಕಡೆ ಹಿನ್ನೀರು ನುಗ್ಗಿ ತೋಟಗಳು ಮುಳುಗಿದ್ದವು. ಒಬ್ಬರ ಹಬ್ಬ, ಒಬ್ಬರ ನಷ್ಟ. ಅಂದು ನಾವು ಕೋಡಿಯ ಕಡೆ ನಿಂತಿದ್ದೆವು. ಹಿನ್ನೀರಿನ ಕಡೆ ಏನಾಗಿದೆ ಎಂದು ಯೋಚಿಸಿರಲಿಲ್ಲ.

ಈಗ ಆ ಹಿನ್ನೀರಿನ ದಡದಲ್ಲೇ ನಡೆದೆವು. ಒಂದು ಬದಿಗೆ ಕುರುಚಲು ಕಾಡಿನ ಗುಡ್ಡ, ಇನ್ನೊಂದು ಬದಿಗೆ ನೀರು, ನಡುವೆ ದನಕರು ನಡೆದು ಆದ ದಾರಿ. ಏರು ಹೆಚ್ಚಿಲ್ಲ. ಅಲ್ಲಲ್ಲಿ ಹೊಂಗೆ, ಹುಣಸೆಯ ನೆರಳು. ಕೊನೆಯಲ್ಲಿ ಪರಿಚಯದ ರೈತರೊಬ್ಬರ ತೆಂಗಿನ ತೋಟ. ಅವರ ತೋಟದ ಒಂದು ಅಂಚು 2022ರಲ್ಲಿ ಮುಳುಗಿತ್ತು. ಒಣಗಿ ನಿಂತ ತೆಂಗಿನ ಬೊಡ್ಡೆಗಳನ್ನು ತೋರಿಸಿದರು. “ಬರ್ರಿ, ಮಲಗಾಕೆ ಜಾಗ ಕೊಡ್ತೀನಿ. ಆದ್ರೆ ಮಕ್ಕಳನ್ನ ನೀರಿಗೆ ಬಿಡಬ್ಯಾಡ್ರಿ. ಕೆಳಗೆ ಹಳೇ ಬಾವಿಗಳವೆ, ಮೇಲಿಂದ ಕಾಣಲ್ಲ” ಎಂದರು. ಅಜ್ಜನ ಮೂರೂ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿತ್ತು. ನೀರಿದೆ, ನೆರಳಿದೆ, ಕತ್ತಲಾದರೆ ಒಂದು ಮನೆಯಿದೆ.

ನಕ್ಷೆ, ಬರೆದುಕೊಂಡ ಚೀಟಿ ಹಿಡಿದು ಹೊಲಿಗೆ ಅಂಗಡಿಗೆ ಹೋದೆವು. ಭಾಯಿ ಮಿಷನ್ ನಿಲ್ಲಿಸಲಿಲ್ಲ. ನಾಲ್ಕು ಭಾನುವಾರದ ವಿಷಯ ಹೇಳುತ್ತಾ ಹೋದೆವು. ಮಾತು ಮುಗಿದ ಮೇಲೆ ಒಂದು ಪ್ಯಾಂಟಿನ ಅಂಚು ಹೊಲಿದು ಪೂರ್ತಿ ಮಾಡಿ, ದಾರ ಕತ್ತರಿಸಿ, “ತಿಂಡಿ ಚೀಲ ಯಾರ ಹತ್ತಿರ?” ಎಂದು ಕೇಳಿದರು.

“ನಿಮ್ಮ ಹತ್ತಿರ” ಎಂದೆವು.

“ಭಾಭಿ ಹತ್ತಿರ ಇರಲಿ. ನನಗಿಂತ ಅವಳಿಗೆ ಜವಾಬ್ದಾರಿ ಜಾಸ್ತಿ” ಎಂದರು. ಅದೇ ಒಪ್ಪಿಗೆ.

ಹೊರಡುವ ಮುನ್ನ ಮಾಡಿಕೊಂಡ ಕಟ್ಟಳೆಗಳು ಸರಳವಾಗಿದ್ದವು. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ. ಅವರನ್ನು ಯಾರೂ ದಾಟಬಾರದು. ಪ್ರತಿಯೊಬ್ಬರ ಚೀಲದಲ್ಲೂ ಬೆಲ್ಲ, ಖರ್ಜೂರ, ಎರಡು ಲೀಟರ್ ನೀರು. ಪ್ರತಿ ಗಂಟೆಗೊಮ್ಮೆ ತಲೆ ಎಣಿಕೆ. ಕರಡಿ ಓಡಾಡುವ ಹೊತ್ತಾದ ಮುಂಜಾವು, ಮುಸ್ಸಂಜೆಯಲ್ಲಿ ಗುಡ್ಡದ ಕಡೆ ಕಾಲಿಡಬಾರದು. ಅರಣ್ಯ ಇಲಾಖೆಗೆ ಮೊದಲೇ ತಿಳಿಸಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಉಳಿದವರಿಗೆ ಬರೆದು ಕೊಡಬೇಕು. ಒಯ್ದ ಪ್ಲಾಸ್ಟಿಕ್ ವಾಪಸು ತರಬೇಕು. ಒಲೆ ತೋಟದಲ್ಲಿ ಮಾತ್ರ, ಕಾಡಿನಲ್ಲಿ ಬೇಡ.

ಡಿಸೆಂಬರಿನ ಮೊದಲ ವಾರ ಹೊರಟೆವು. ಮೊದಲ ಗಂಟೆ ಕಾಲು ಚುರುಕಾದವರಿಗೆ ಕಷ್ಟವಾಯಿತು. ನಿಧಾನ ನಡೆಯುವುದೂ ಒಂದು ಕಸರತ್ತೇ. ಆಮೇಲೆ ಅಭ್ಯಾಸವಾಯಿತು. ನಿಧಾನವಾದಾಗ ಕಾಣುವುದೇ ಬೇರೆ. ಹುತ್ತವನ್ನು ಕರಡಿ ಬಗೆದ ಗುರುತನ್ನು ಮೊದಲು ಕಂಡವರು ಭಾಭಿ. ಒದ್ದೆ ಮಣ್ಣಿನಲ್ಲಿ ನವಿಲಿನ ಹೆಜ್ಜೆ ಕಂಡದ್ದು ಮೇಷ್ಟ್ರ ಮಗಳಿಗೆ. ಹತ್ತು ವರ್ಷ ಕಾಡು ಸುತ್ತಿದ ನಮಗೆ ಅವೆರಡೂ ಕಾಣಿಸಿರಲಿಲ್ಲ. ರಾತ್ರಿ ತೋಟದಲ್ಲಿ ರಾಗಿರೊಟ್ಟಿ, ಬದನೆಕಾಯಿ ಪಲ್ಯ. ರೈತರ ಮನೆಯಾಕೆಯೂ ನಮ್ಮ ಹೆಂಗಸರೂ ಸರಿರಾತ್ರಿಯವರೆಗೆ ಮಾತಾಡುತ್ತಿದ್ದರು. ನೀರು ನುಗ್ಗಿದ ದಿನ ಎಮ್ಮೆಗಳನ್ನು ಬಿಚ್ಚಿಕೊಂಡು ಓಡಿದ್ದನ್ನು ಆಕೆ ಹೇಳುತ್ತಿದ್ದುದು ನಮಗೂ ಕೇಳಿಸುತ್ತಿತ್ತು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಭಾಯಿ ಮೊದಲಿನಷ್ಟು ನಗಲಿಲ್ಲ. ಕೆಲವು ಗಾಯಗಳು ಒಂದು ಪ್ರವಾಸಕ್ಕೆ ಮಾಯುವುದಿಲ್ಲ. ಎರಡನೆಯ ದಿನ ಮಧ್ಯಾಹ್ನ ಹೊಸದುರ್ಗದ ಬಸ್ಸಿಗೆ ಕಾಯುವಾಗ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಲು ಹೊರಟರು. ಭಾಯಿ ಸಾಲಿನಿಂದ ಹೊರಗೆ ಬಂದು, ಬೆರಳು ಮಡಚುತ್ತಾ ಒಬ್ಬೊಬ್ಬರನ್ನೇ ಎಣಿಸಿದರು. ಹದಿಮೂರು. ಮತ್ತೊಮ್ಮೆ ಎಣಿಸಿದರು. ಮತ್ತೆ ಹದಿಮೂರು. ಅವರ ಮುಖ ಬಿಳುಪೇರಿತು.

“ನಿಮ್ಮನ್ನ ಸೇರಿಸ್ಕೊಳ್ರೀ” ಎಂದರು ಭಾಭಿ.

ಜೋಗಿಮಟ್ಟಿಯ ಅನುಮತಿಗೆ ಈಗ ಅರ್ಜಿ ಹಾಕಿದ್ದೇವೆ. ಬೆಳಿಗ್ಗೆ ಹೋಗಿ ಸಂಜೆಗೆ ಬರುವುದು. ನೀರು ಎಷ್ಟು, ಹೊರುವವರು ಯಾರು ಎಂಬ ಲೆಕ್ಕ ಈ ಸಲ ಭಾಭಿಯವರೇ ಹಾಕುತ್ತಿದ್ದಾರೆ.